ಹರಿಹರದ ಬಾಗಿಲು ಮತ್ತೆ ತೆರೆದಾಗ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟ ರೈಲು ದಾವಣಗೆರೆಯನ್ನು ದಾಟಿ, ಹರಿಹರದಲ್ಲಿ ತುಸು ನಿಂತು, ತುಂಗಭದ್ರೆಯ ಸೇತುವೆಯನ್ನು ಏರುತ್ತದೆ. ಪ್ರಯಾಣಿಕರಲ್ಲಿ ಬಹುಮಂದಿ ಕಿಟಕಿಯಿಂದಲೇ ನದಿಗೆ ಕೈಮುಗಿದು ಮುಂದೆ ಸಾಗುವರು. ಇಳಿದು ನೋಡುವವರು ವಿರಳ. ಇಳಿದವರಿಗೆ ಮಾತ್ರ, ನಮ್ಮ ನಾಡಿನ ಅತಿ ಸುಂದರವಾದ ದೇಗುಲಗಳಲ್ಲೊಂದು ಊರ ನಡುವೆ, ಮನೆಮಠಗಳ ಗದ್ದಲದಲ್ಲಿ, ಮೌನವಾಗಿ ನಿಂತಿರುವುದು ಕಾಣುತ್ತದೆ.

ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಇದನ್ನು ಕಟ್ಟಿಸಿದನು. ಮುಂದೆ 1268ರಲ್ಲಿ, ಸೋಮನಾಥಪುರದ ದೇವಾಲಯದಿಂದ ಹೆಸರಾದ ಸೋಮ ದಂಡನಾಯಕನು ಇದನ್ನು ಬೆಳೆಸಿದನು. ತಿರುಗಣೆಯಲ್ಲಿ ಕಡೆದ ಕಂಬಗಳು ಇಂದಿಗೂ ನುಣುಪು ಕಳೆದುಕೊಂಡಿಲ್ಲ. ಗರ್ಭಗುಡಿಯಲ್ಲಿ ಒಂದೇ ಮೂರ್ತಿ. ಬಲಭಾಗ ಹರ, ಎಡಭಾಗ ಹರಿ. ಇಬ್ಬರಲ್ಲಿ ಯಾರೊಬ್ಬರಿಂದಲೂ ಮರಣವಿಲ್ಲವೆಂಬ ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾಗಿ ಬಂದರೆಂಬುದು ಸ್ಥಳಪುರಾಣ. ಸೂಳೆಕೆರೆಯಿಂದ ಹರಿದು ಬರುವ ಹರಿದ್ರೆಯು ಇಲ್ಲಿಯೇ ತುಂಗಭದ್ರೆಯನ್ನು ಸೇರುವುದರಿಂದ ಊರಿಗೆ ಹಿಂದೆ ಕೂಡಲೂರೆಂಬ ಹೆಸರಿತ್ತು. ಹೆಸರಿನಲ್ಲಿಯೂ ಕೂಡುವಿಕೆ, ದೇವರಲ್ಲಿಯೂ ಕೂಡುವಿಕೆ!

ಇಂಥ ಊರಿಗೆ, ಜನರು ಒಂದೆಡೆ ಕೂಡಲೇಬಾರದೆಂಬ ಕಾಲವೂ ಬಂದಿತು.

2020ರ ಮಾರ್ಚ್ ತಿಂಗಳ ಮೊದಲ ದಿನಗಳಲ್ಲಿ ನೆರೆಯ ದಾವಣಗೆರೆಯಲ್ಲಿ ನಗರದೇವತೆ ದುರ್ಗಾಂಬಿಕೆಯ ಜಾತ್ರೆ ನಡೆಯಿತು. ಎರಡು ವರ್ಷಗಳಿಗೊಮ್ಮೆ ಬರುವ ಈ ಜಾತ್ರೆಗೆ ಊರಿಗೆ ಊರೇ ನೆಂಟರಿಂದ ತುಂಬುತ್ತದೆ. ಆ ನೆಂಟರು ತಮ್ಮ ತಮ್ಮ ಊರು ಸೇರಿ ವಾರಗಳು ಕಳೆಯುವಷ್ಟರಲ್ಲಿ ಕೊರೋನಾ ಮಹಾಮಾರಿಯ ಸುದ್ದಿ ಮನೆಬಾಗಿಲಿಗೆ ಬಂದಿತ್ತು. ಮಾರ್ಚ್ 17ರಂದು ಪುರಾತತ್ತ್ವ ಇಲಾಖೆ ದೇಶದ ಸಂರಕ್ಷಿತ ಸ್ಮಾರಕಗಳನ್ನೆಲ್ಲ ಮುಚ್ಚಿತು. 25ರಿಂದ ದೇಶವೇ ಮನೆಯೊಳಗೆ ಸೇರಿತು. ತೇರು, ಜಾತ್ರೆ, ಮದುವೆಗಳನ್ನೇ ನಂಬಿದ್ದ ಹೂವಿನವರು, ಹಣ್ಣುಕಾಯಿಯವರು, ಆಟಿಕೆಯವರು ಬುಟ್ಟಿಗಳನ್ನು ಮಗುಚಿಟ್ಟರು. ಮಂಡಕ್ಕಿಗೆ ಹೆಸರಾದ ಸೀಮೆಯಲ್ಲಿ ಮಂಡಕ್ಕಿ ಕೊಳ್ಳುವ ಸಂತೆಯೇ ಇಲ್ಲವಾಯಿತು. ಬೆಣ್ಣೆದೋಸೆಯ ಕಾವಲಿಗಳು ತಣ್ಣಗಾದವು.

ಜೂನ್ 8ರಂದು, ಪೂಜೆ ನಡೆಯುವ 820 ಸ್ಮಾರಕಗಳಿಗೆ ಮೊದಲು ಅನುಮತಿ ದೊರೆಯಿತು. ಜುಲೈ 6ರಿಂದ ಉಳಿದವುಗಳಿಗೂ ಬಾಗಿಲು ತೆರೆಯಲು ಅವಕಾಶವಾಯಿತು. ಆದರೆ ಅದು ಎಂಥ ದರ್ಶನ! ಮುಖಕ್ಕೆ ಮುಸುಕು, ನೆಲದ ಮೇಲೆ ಬಿಳಿಯ ವೃತ್ತಗಳು, ತೀರ್ಥವಿಲ್ಲ, ಪ್ರಸಾದವಿಲ್ಲ. ಜನರು ಹಿಂತಿರುಗಲು ಮನಸ್ಸು ಮಾಡುವ ಹೊತ್ತಿಗೆ 2021ರ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಎದ್ದು ಸ್ಮಾರಕಗಳು ಮತ್ತೆ ಮುಚ್ಚಿದವು. ಜೂನ್ 16ರವರೆಗೆ ತೆರೆಯಲಿಲ್ಲ. ಬೀಗ ತೆಗೆಯುವುದು ಒಂದು ಆಜ್ಞೆಯಿಂದ ಆಗುವ ಕೆಲಸ. ನಂಬಿಕೆ ಹಾಗಲ್ಲ, ಒಮ್ಮೆ ಮುರಿದದ್ದು ಎರಡನೆಯ ಸಲ ಮುರಿದರೆ ಬೆಸುಗೆ ಇನ್ನೂ ಕಷ್ಟ.

ಈ ದಾರಿಗೆ ಇಂಥ ಭೀತಿ ಹೊಸದಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಹುಬ್ಬಳ್ಳಿಯನ್ನು ನಡುಗಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಕಡೆಯಿಂದ ಬಂದ ರೈಲ್ವೆ ಅಧಿಕಾರಿಯೊಬ್ಬರ ಸೇವಕನೊಡನೆ ಅದು ಬೆಂಗಳೂರನ್ನು ತಲಪಿತು. ಹುಬ್ಬಳ್ಳಿಗೂ ಬೆಂಗಳೂರಿಗೂ ನಡುವಿನ ಹಳಿ ಇದೇ ಹರಿಹರದ ಹಳಿ. ಯಾತ್ರಿಕರನ್ನು ತಂದ ರೈಲೇ ರೋಗವನ್ನೂ ತಂದಿತು. ಜನರು ಮನೆಗಳನ್ನು ತೊರೆದು ಬಯಲಿನಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ಅಜ್ಜಿಯರ ಬಾಯಲ್ಲಿ ಕೇಳಿದವರು ಅನೇಕರು. ಆಗಲೂ ಧೈರ್ಯ ತಂದದ್ದು ಬರಿಯ ಮಾತಲ್ಲ. ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ತೋಳು ಚಾಚಿ ಹಾಫ್ಕಿನ್ ಲಸಿಕೆ ಹಾಕಿಸಿಕೊಂಡರು. 2021ರ ಜನವರಿ 16ರಂದು ನಮ್ಮ ದೇಶದಲ್ಲಿ ಕೊರೋನಾ ಲಸಿಕೆ ಆರಂಭವಾದಾಗಲೂ ನಡೆದದ್ದು ಇದೇ. ಪಕ್ಕದ ಮನೆಯವರು ಲಸಿಕೆ ಹಾಕಿಸಿಕೊಂಡು ಸುಖವಾಗಿರುವುದನ್ನು ಕಂಡಮೇಲೆ ನಾವೂ ಹೊರಟೆವು.

ಭೀತಿ ರೋಗಕ್ಕಿಂತ ವೇಗವಾಗಿ ಓಡುತ್ತದೆ. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಕೆಲವು ದೇಶಗಳು ಭಾರತದೊಡನೆ ವಿಮಾನ ಸಂಚಾರವನ್ನೇ ನಿಲ್ಲಿಸಿದ್ದವು. ಕಸ ತುಂಬಿದ ಆ ನಗರ ಮುಂದಿನ ಕೆಲವೇ ವರ್ಷಗಳಲ್ಲಿ ದೇಶದ ಸ್ವಚ್ಛ ನಗರಗಳಲ್ಲೊಂದೆಂದು ಹೆಸರು ಪಡೆಯಿತು. ಕಳೆದ ಮಾನವನ್ನು ಅದು ಪೊರಕೆಯಿಂದ ಗಳಿಸಿಕೊಂಡಿತೇ ಹೊರತು ಜಾಹೀರಾತಿನಿಂದಲ್ಲ.

ನಮ್ಮ ಸೀಮೆಗೆ ನಂಬಿಕೆ ಮರಳಿದ್ದು ಹೊರಗಿನ ಪ್ರವಾಸಿಗರಿಂದ ಮೊದಲಾಗಿ ಅಲ್ಲ. ಮೊದಲು ಬರುವವರು ಸುತ್ತಲಿನವರು. ಕಡರನಾಯಕನಹಳ್ಳಿಯಂಥ ಹಳ್ಳಿಗಳ ರೈತನಿಗೆ ಹರಿಹರ ಪ್ರವಾಸದ ಸ್ಥಳವಲ್ಲ. ಸಂತೆಯೂ ಕಚೇರಿಯೂ ದೇವರೂ ಒಂದೇ ಕಡೆ ಸಿಗುವ ಊರು. ಅವನು ಹೆಂಡತಿ ಮಕ್ಕಳೊಡನೆ ಗುಡಿಗೆ ಬಂದನೆಂದರೆ ಊರು ಸುರಕ್ಷಿತವೆಂದೇ ಅರ್ಥ. 2022ರ ಮಾರ್ಚ್‌ನಲ್ಲಿ ದುರ್ಗಾಂಬಿಕೆಯ ಜಾತ್ರೆ ಮತ್ತೆ ನಡೆದಾಗ ದಾವಣಗೆರೆ ಹಿಂದಿನಂತೆಯೇ ನೆಂಟರಿಂದ ತುಂಬಿತು. ಎರಡು ಜಾತ್ರೆಗಳ ನಡುವೆ ಕಳೆದುಹೋದವರನ್ನು ನೆನೆದು ಕಣ್ಣೊರೆಸಿಕೊಂಡ ಮನೆಗಳೂ ಇದ್ದವು. ಹಬ್ಬದ ಹೋಳಿಗೆಯ ಜೊತೆಗೆ ಆ ಖಾಲಿ ಮಣೆಯೂ ಇತ್ತು.

ಅದೇ ವರ್ಷ ಹರಿಹರದ ನದೀತೀರದಲ್ಲಿ, ಕಾಶಿಯ ಗಂಗಾರತಿಯಂತೆ ತುಂಗಾರತಿ ನಡೆಯಲೆಂದು 108 ಮಂಟಪಗಳ ಯೋಜನೆಗೆ ಶಂಕುಸ್ಥಾಪನೆಯಾಯಿತು. ಒಳ್ಳೆಯದೇ. ಆದರೆ ಆರತಿ ಬೆಳಗುವ ನೀರು ಮೊದಲು ತಿಳಿಯಾಗಿರಬೇಕಲ್ಲವೆ? ಮೈಲಿಗಟ್ಟಲೆ ದಾರಿ ಸವೆಸಿ ಬಂದ ತಾಯಿಗೆ ಬೇಕಾದದ್ದು ನಿರ್ಭಯವಾಗಿ ಮಗುವನ್ನು ಮೀಯಿಸುವ ಸೋಪಾನ, ಕುಡಿಯಲು ಶುದ್ಧ ನೀರು, ಬಾಗಿಲು ಸರಿಯಾಗಿ ಮುಚ್ಚುವ ಶೌಚಾಲಯ. ಮಹಾಮಾರಿ ಕಲಿಸಿದ ಪಾಠವೂ ಇಷ್ಟೇ: ಅತಿಥಿಗೆ ಶಿಲ್ಪದ ಸೊಗಸಿಗಿಂತ ಮೊದಲು ಕಾಣುವುದು ನೆಲದ ಶುಚಿ.

ದಾವಣಗೆರೆಯಿಂದ ಹರಿಹರಕ್ಕೆ ಕೇವಲ 14 ಕಿಲೋಮೀಟರ್. ಬೆಳಗ್ಗೆ ದೋಸೆ ತಿಂದು ಹೊರಟರೆ ಬಿಸಿಲೇರುವ ಮುನ್ನ ಗುಡಿಯ ಅಂಗಳದಲ್ಲಿರಬಹುದು. ಎಳೆಬಿಸಿಲು ಮಂಟಪದ ಕಂಬಗಳ ಮೇಲೆ ಬೀಳುವ ಹೊತ್ತದು. ಮಕ್ಕಳನ್ನು ಕರೆದೊಯ್ಯಿರಿ, ಯಾವ ಪಕ್ಕ ಹರಿ, ಯಾವ ಪಕ್ಕ ಹರ ಎಂದು ಅವರೇ ಕಂಡುಹಿಡಿಯಲಿ. ಬಾಗಿಲ ಬಳಿಯ ಹೂವಿನವಳಿಂದ ಒಂದು ಮೊಳ ಮಲ್ಲಿಗೆ ಕೊಳ್ಳಲು ಮಾತ್ರ ಮರೆಯಬೇಡಿ. ಊರಿನ ಬಾಳು ಮತ್ತೆ ಚಿಗುರುವುದು ಅಂಥ ಮೊಳಗಳಿಂದಲೇ.