ಮಳೇಲಿ ಜೋಲಿ ಕಟ್ಟೋ ಮುಂಚೆ

(1/6)

ಹೋದ ವಾರದ ಸ್ಟೋರಿ ನೋಡಿ ಹದಿನೇಳು ಜನ ಒಂದೇ ಮೆಸೇಜು ಹಾಕಿದ್ರಿ: "ಹ್ಯಾಮಕ್ ಎಲ್ಲಿ ತಗೊಂಡೆ, ಲಿಂಕ್ ಕಳ್ಸು." ಲಿಂಕ್ ಕಳ್ಸಲ್ಲ. ಹ್ಯಾಮಕ್ ತಗೊಳ್ಳೋದು ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಸುಲಭದ ಕೆಲಸ. ಅದನ್ನ ಮಳೇಲಿ ಕಟ್ಟಿ, ಒಳಗೆ ಮಲಗಿ, ಬೆಳಿಗ್ಗೆ ಒಣಗಿದ ಬಟ್ಟೇಲಿ ಎದ್ದು ಬರೋದಿದ್ಯಲ್ಲ, ಅದನ್ನ ಹೇಳೋಕೆ ಆರು ಪೋಸ್ಟ್ ಬೇಕು. ಪುರ್ಸೊತ್ತಿದ್ರೆ ಓದಿ.

ಗೊತ್ತಿಲ್ಲದವರಿಗೆ: ಬರೋ ಶನಿವಾರ ನಮ್ಮ ಟ್ರೆಕ್ಕಿಂಗ್ ಬಳಗ, ಹಳೇ ಸೀನಿಯರ್‌ಗಳೂ ಸೇರಿ ಮೂವತ್ತು ಜನ, ಮೂಡಿಗೆರೆ ಕಡೆ ಒಂದು ಕಾಫಿ ತೋಟದ ಅಂಚಲ್ಲಿ ಎರಡು ರಾತ್ರಿ ಸೇರ್ತಿದೀವಿ. ತೋಟದವರು ಒಪ್ಪಿದಾರೆ. ಜಾಗ ಪೂರ್ತಿ ಇಳಿಜಾರು, ಟೆಂಟ್ ಹಾಕೋಕೆ ಸಮತಟ್ಟು ನೆಲ ಕಮ್ಮಿ, ಮರ ಮಾತ್ರ ಬೇಕಾದಷ್ಟು. ಅದಕ್ಕೇ ಹನ್ನೆರಡು ಜನ ಹ್ಯಾಮಕ್ಕಲ್ಲೇ ಮಲಗೋದು ಅಂತ ಹೆಸರು ಕೊಟ್ಟಿದೀವಿ. ಈಗ ಭರಣಿ ಮಳೆ ನಡೀತಿದೆ. ಬೆಳಿಗ್ಗೆ ಚೊಕ್ಕ ಬಿಸಿಲು, ಮೂರು ಗಂಟೆಗೆ ಸೆಕೆ, ಐದಕ್ಕೆ ಆಕಾಶ ಕಪ್ಪು, ಆಮೇಲೆ ದಬದಬ. ಮಲೆನಾಡವರಿಗೆ ಇದು ಹೊಸದಲ್ಲ. ಬಯಲುಸೀಮೆಯಿಂದ ಬರೋರಿಗೆ ಹೇಳ್ತಿದೀನಿ: ಜುಲೈ ಮಳೆ ಥರ ದಿನವಿಡೀ ಸುರಿಯಲ್ಲ ಇದು. ಒಂದು ಗಂಟೆ ಬರತ್ತೆ, ಆ ಒಂದು ಗಂಟೇಲಿ ಗಾಳಿ, ಸಿಡಿಲು, ಕೊಂಬೆ ಎಲ್ಲಾ ಜೊತೇಲೇ ಬರತ್ತೆ.

ಪಾರ್ಸೆಲ್ ಬಂದ ದಿನ ಬಿಚ್ಚಿ ಅವ್ವನಿಗೆ ತೋರಿಸ್ದೆ. ಹರಡಿ ನೋಡಿ, ಎರಡೂ ತುದಿ ಹಿಡಿದು ಎಳೆದು, "ಇದು ಜೋಲಿ ಅಲ್ವೇನೇ? ಇದಕ್ಕೆ ಎಷ್ಟು ಕೊಟ್ಟೆ?" ಅಂದ್ಲು. 1,350 ಅಂದೆ. ಅವ್ವ ಏನೂ ಹೇಳ್ಲಿಲ್ಲ. ಅನ್ನಕ್ಕೆ ನೀರಿಡೋಕೆ ಎದ್ದು ಹೋದ್ಲು.

(2/6)

ಬಿಕಾಂ ಓದೋಳಿಗೂ ಫಿಸಿಕ್ಸ್ ಬೇಕಾಗತ್ತೆ ಅಂತ ಮೊದಲನೇ ಸಲ ಕಟ್ಟಿದಾಗ ಗೊತ್ತಾಯ್ತು.

ನಾವೆಲ್ಲ ಮಾಡೋ ತಪ್ಪು ಏನಂದ್ರೆ ಹ್ಯಾಮಕ್ಕನ್ನ ಬಿಗಿಯಾಗಿ, ಹಗ್ಗದ ಮಂಚದ ಥರ ಎಳೆದು ಕಟ್ತೀವಿ. ಜೋಲು ಬಿದ್ರೆ ಸೊಂಟ ನೋಯತ್ತೆ ಅಂತ ಭಯ. ಆಗೋದು ಉಲ್ಟಾ. ಬಿಗಿ ಮಾಡಿದಷ್ಟೂ ಹಗ್ಗದ ಮೇಲೆ ಎಳೆತ ಜಾಸ್ತಿ. ನಾನು 50 ಕೆಜಿ ಅನ್ಕೊಳಿ. ಹಗ್ಗ ನೆಲಕ್ಕೆ ಸಮವಾದ ಗೆರೆಯಿಂದ 30 ಡಿಗ್ರಿ ಇಳಿಜಾರಾಗಿದ್ರೆ ಒಂದೊಂದು ಕಡೆಗೂ 50 ಕೆಜಿ ಎಳೆತ ಬೀಳತ್ತೆ. 15 ಡಿಗ್ರಿಗೆ ಬಿಗಿ ಮಾಡಿದ್ರೆ ಹೆಚ್ಚುಕಮ್ಮಿ 97. 10 ಡಿಗ್ರಿಗೆ 144. ಮಲಗಿರೋಳು ಅದೇ ನಾನು, ತೂಕ ಅದೇ, ಆದ್ರೆ ಹಗ್ಗಕ್ಕೂ ಮರಕ್ಕೂ ಮೂರು ಜನ ನೇತಾಡಿದಂಗೆ. ನನ್ನ ಮೊದಲ ಗಂಟು ಜಾರಿದ್ದು ಹಂಗೇ. ಬಿದ್ದಿದ್ದು ಒಂದೂವರೆ ಅಡಿಯಿಂದ, ಮರ್ಯಾದೆ ಮಾತ್ರ ಹೋಯ್ತು.

ಅದಕ್ಕೇ ನೆಲದಿಂದ ಕುರ್ಚಿ ಎತ್ತರಕ್ಕಿಂತ ಮೇಲೆ ಕಟ್ಟಬೇಡಿ. ಜೋಲು ಬಿಡಿ. ಎರಡು ತುದಿ ಮಧ್ಯೆ ಒಂದು ತೆಳ್ಳನೆ ಹಗ್ಗ ಖಾಯಂ ಆಗಿ ಕಟ್ಟಿಟ್ರೆ ಎಲ್ಲಿ ಕಟ್ಟಿದ್ರೂ ಜೋಲು ಅಷ್ಟೇ ಬರತ್ತೆ. ಆ ಹಗ್ಗದ ಉದ್ದ ಹ್ಯಾಮಕ್ಕಿನ ಉದ್ದದ ನೂರಕ್ಕೆ 83ರಷ್ಟು. ನನ್ನದು ಹತ್ತು ಅಡಿ, ಅದಕ್ಕೆ ಎಂಟು ಅಡಿ ಮೂರು ಅಂಗುಲ ಚಿಲ್ಲರೆ. ಮಲಗುವಾಗ ಬಾಳೆಹಣ್ಣಿನ ಥರ ಬಗ್ಗಿಕೊಂಡು ನೇರಕ್ಕೆ ಮಲಗಬೇಡಿ, ಓರೆಯಾಗಿ ಮಲಗಿ. ತಲೆ ಒಂದು ಕಡೆ ಸರಿಸಿ, ಕಾಲು ಇನ್ನೊಂದು ಕಡೆ. ಬೆನ್ನು ಸಮ ಆಗತ್ತೆ, ನಿಜಕ್ಕೂ ನಿದ್ದೆ ಬರತ್ತೆ.

ಮರಕ್ಕೆ ತೆಳು ನೈಲಾನ್ ಹಗ್ಗ ಸುತ್ತಬೇಡಿ, ತೊಗಟೆ ಕುಯ್ದು ಹೋಗತ್ತೆ. ಎರಡು ಬೆರಳಿಗಿಂತ ಅಗಲದ ಪಟ್ಟಿ ಬೇಕು.

ಯಾವ ಮರ? ತೋಟದಲ್ಲಿ ಸಿಲ್ವರ್ ಮರ ನೆಟ್ಟಗೆ, ಗಟ್ಟಿಯಾಗಿರತ್ತೆ, ನೋಡಿದ ತಕ್ಷಣ ಆಸೆ ಆಗತ್ತೆ. ಆದ್ರೆ ಅದರ ಮೈತುಂಬಾ ಮೆಣಸಿನ ಬಳ್ಳಿ ಹಬ್ಬಿರತ್ತೆ. ಬಳ್ಳಿ ಮೇಲೆ ಪಟ್ಟಿ ಬಿಗಿದ್ರೆ ಒಬ್ಬರ ವರ್ಷದ ಫಸಲು ಹಾಳು. ಬಳ್ಳಿ ಇಲ್ಲದ ಮರ ಹುಡುಕಿ. ಅಡಿಕೆ ಮರ ಬಾಗತ್ತೆ, ಬೇಡ. ಹಲಸಿನ ಮರ ಗಟ್ಟಿ, ಆದ್ರೆ ಈ ತಿಂಗಳು ತಲೆ ಮೇಲೆ ಏನು ನೇತಾಡ್ತಿರತ್ತೆ ಅಂತ ಒಂದ್ಸಲ ಕತ್ತೆತ್ತಿ ನೋಡಿ. ಒಣಗಿದ ಕೊಂಬೆ ಇರೋ ಮರದ ಕೆಳಗೆ ಮಲಗಲೇಬೇಡಿ, ಮೊದಲ ಗಾಳಿಗೆ ಬೀಳೋದು ಅದೇ. ಚಗಳಿ ಗೂಡು ಇದ್ಯಾ ಅಂತಾನೂ ನೋಡ್ಕೊಳಿ. ಚಗಳಿ ಚಟ್ನಿ ತಿಂದೋರಿಗೆ ಅದು ಹೆಂಗೆ ಕಚ್ಚತ್ತೆ ಅಂತಾನೂ ಗೊತ್ತಿರತ್ತೆ.

(3/6)

ಹೋದ ಶನಿವಾರ ನಮ್ಮ ಲೈನ್ ಮನೆ ಹಿಂದೆ ಟ್ರಯಲ್ ಮಾಡ್ದೆ. ಮೇಲೆ 12 ಅಡಿಗೆ 9 ಅಡಿ ಟಾರ್ಪಾಲು, ನಾಲ್ಕು ಮೂಲೆಗೂ ಗೂಟ. ಹ್ಯಾಮಕ್ಕಿಗಿಂತ ಒಂದೊಂದು ಕಡೆ ಒಂದಡಿಗಿಂತ ಜಾಸ್ತಿ ಉದ್ದ. ಫೋಟೋ ತೆಗೆದೆ, ನೀವೆಲ್ಲ ಲೈಕ್ ಹಾಕಿದ್ದು ಅದಕ್ಕೇ. ಎಂಟು ಗಂಟೆಗೆ ಮಳೆ ಹಿಡೀತು. ಟಾರ್ಪಾಲಿನ ಮೇಲೆ ಪಟಪಟ ಸದ್ದು, ಒಳಗೆ ನಾನು ಮಹಾರಾಣಿ.

ಹತ್ತೇ ನಿಮಿಷ. ಭುಜದ ಹತ್ರ ತಣ್ಣಗೆ ಏನೋ. ಆಮೇಲೆ ಕುತ್ತಿಗೆ. ಆಮೇಲೆ ಪೂರ್ತಿ ಬೆನ್ನು. ಟಾರ್ಪಾಲಲ್ಲಿ ತೂತಿದ್ಯಾ ಅಂತ ಟಾರ್ಚ್ ಹಾಕಿ ಹುಡುಕಿದೆ, ಇಲ್ಲ. ನೀರು ಮೇಲಿಂದ ಬರ್ತಾನೇ ಇರ್ಲಿಲ್ಲ. ಮರದ ಕಾಂಡದಲ್ಲಿ ಇಳಿದು, ಪಟ್ಟಿ ಹಿಡಿದು, ಹಗ್ಗದ ಮೇಲೆ ನಡ್ಕೊಂಡು, ಟಾರ್ಪಾಲಿನ ಕೆಳಗೆ ನುಸುಳಿ ಸೀದಾ ನನ್ನ ಹಾಸಿಗೆಗೆ.

ಒಳಗೆ ಓಡಿ ಬಂದಾಗ ಅವ್ವ ಬೀಡಿ ಸೇದೋ ಪಕ್ಕದ ಮನೆ ಅಜ್ಜಿ ಜೊತೆ ಕೂತಿದ್ಲು. ನನ್ನ ನೋಡಿ ಇಬ್ರೂ ನಕ್ಕರು. "ದಾರ ಕಟ್ಟಿದ್ಯಾ?" ಅಂದ್ಲು ಅವ್ವ. ಯಾವ ದಾರ?

ನಾನು ಮಗುವಾಗಿದ್ದಾಗ ಈ ಲೈನ್ ಮನೇದು ಹಳೇ ಹೆಂಚಂತೆ. ಜಡಿಮಳೇಲಿ ಜಂತೆ ನೆಂದು, ಜೋಲಿ ಹಗ್ಗದ ಗುಂಟ ನೀರು ಇಳೀತಿತ್ತಂತೆ. ಅವ್ವ ಹಗ್ಗಕ್ಕೆ, ಜೋಲಿಗಿಂತ ಒಂದು ಗೇಣು ಮೇಲೆ, ಹಳೇ ಲಂಗದ ಲಾಡಿ ತುಂಡು ಕಟ್ಟಿ ಇಳಿಬಿಡ್ತಿದ್ಲು. ಬಂದ ನೀರು ಲಾಡಿ ಹಿಡಿದು ಕೆಳಗೆ ಬೋಸಿಗೆ ತೊಟ್ಟಿಕ್ಕತ್ತೆ, ಮಗು ಒಣಗಿರತ್ತೆ. ನಾನು ವಿಡಿಯೋ ಮೇಲೆ ವಿಡಿಯೋ ನೋಡಿದ್ದೆ. ಅದರಲ್ಲೂ ಇದನ್ನೇ ಹೇಳಿದ್ರು, ನಾನು ಆ ಭಾಗ ಓಡಿಸಿಬಿಟ್ಟಿದ್ದೆ.

ಹತ್ತಿ ದಾರ, ಒಂದು ಗೇಣುದ್ದ, ಎರಡೂ ಕಡೆ, ಟಾರ್ಪಾಲಿನ ನೆರಳೊಳಗೆ, ಹ್ಯಾಮಕ್ಕಿನ ಬಟ್ಟೆ ಶುರುವಾಗೋ ಮುಂಚೆ. ನೈಲಾನ್ ದಾರಕ್ಕಿಂತ ನೀರು ಹೀರೋ ಹತ್ತಿ ಒಳ್ಳೇದು. ಈ ಪೋಸ್ಟ್ ಸ್ಕ್ರೀನ್‌ಶಾಟ್ ತೆಗೀರಿ, ಬೇರೆಲ್ಲಾ ಮರೆತರೂ ಪರವಾಗಿಲ್ಲ.

(4/6)

ಚಳಿ ಬಗ್ಗೆ ಚಿಕ್ಕದಾಗಿ. ಮೇಲೆ ಎಷ್ಟು ಹೊದ್ದರೂ ಹ್ಯಾಮಕ್ಕಲ್ಲಿ ಬೆನ್ನು ಕೊರೆಯತ್ತೆ. ಕೆಳಗೆ ನೆಲ ಇಲ್ಲ, ಗಾಳಿ ಓಡಾಡತ್ತೆ. ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ನಮ್ಮ ಭಾರಕ್ಕೇ ಅಪ್ಪಚ್ಚಿ ಆಗಿ ಬೆಚ್ಚಗಿಡೋ ಗುಣ ಕಳ್ಕೊಳತ್ತೆ. ಮೇ ತಿಂಗಳು, ಏನು ಚಳಿ ಅನ್ಬೇಡಿ, ಮಳೆ ನಿಂತ ಮೇಲೆ ಬೆಳಗಿನ ಜಾವ ಗೊತ್ತಾಗತ್ತೆ. ಒಂದು ಫೋಮ್ ಮ್ಯಾಟು ಬೆನ್ನಿನ ಕೆಳಗೆ ಹಾಕಿ. 300 ರೂಪಾಯಿ. ಕಂಬಳಿ ಇದ್ರೆ ಅದನ್ನೂ ತನ್ನಿ, ನೆಂದರೂ ಸ್ವಲ್ಪ ಬೆಚ್ಚಗಿರತ್ತೆ.

ಇನ್ನೊಂದು, ಇದು ತಮಾಷೆ ಅಲ್ಲ. ಉಣುಗು. ಮಂಗನ ಕಾಯಿಲೆ ಬಗ್ಗೆ ಕೇಳಿರ್ತೀರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾಗಿದ್ದು, ನಮ್ಮ ಚಿಕ್ಕಮಗಳೂರು ಜಿಲ್ಲೇಲೂ ಬಂದಿದೆ. ಬೇಸಿಗೆ ಮುಗಿಯೋವರೆಗೂ ಅದರ ಕಾಲವೇ. ಹ್ಯಾಮಕ್ಕು ನೆಲದಿಂದ ಮೇಲಿದೆ ಅಂತ ಧೈರ್ಯ ಬೇಡ, ಸಂಜೆವರೆಗೂ ನಾವು ತರಗೆಲೆ ಮೇಲೇ ಓಡಾಡ್ತೀವಿ. ಬ್ಯಾಗು, ಶೂ ಎಲ್ಲಾ ನೇತುಹಾಕಿ. ಉದ್ದ ಪ್ಯಾಂಟು, ಅದರ ಕಾಲು ಸಾಕ್ಸ್ ಒಳಗೆ. ಆರೋಗ್ಯ ಇಲಾಖೆಯವರು ಕೊಡೋ ಡೆಪಾ ಎಣ್ಣೆ ಸಿಕ್ಕಿದ್ರೆ ತನ್ನಿ. ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ, ನಮಗೆ ಹೇಳಿ. ವಾಪಸ್ ಬಂದ ಮೇಲೆ ದಿಢೀರ್ ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಡಾಕ್ಟರಿಗೆ "ಕಾಡಲ್ಲಿ ಮಲಗಿದ್ದೆ" ಅಂತ ಬಾಯಿಬಿಟ್ಟು ಹೇಳಿ. ಮನೇಲಿ ಸುಳ್ಳು ಹೇಳಿ ಬರ್ತಿರೋರೂ ಡಾಕ್ಟರ ಹತ್ರ ನಿಜ ಹೇಳಿ.

(5/6)

ಅವ್ವ ನನ್ನ ಕಳಿಸ್ತೀನಿ ಅಂದಿದ್ದು ಒಂದು ಷರತ್ತಿನ ಮೇಲೆ. ರಾತ್ರಿ ಹೊರಗಿರೋದು, ಹುಡುಗರು ಇರ್ತಾರೆ, ಜನ ಏನಂತಾರೆ, ಇವು ಯಾವುದೂ ಅಲ್ಲ. "ಗುಡುಗಿದ ತಕ್ಷಣ ಮರದಿಂದ ಇಳೀಬೇಕು."

ಟಾರ್ಪಾಲು ಇದ್ಯಲ್ಲವ್ವ ಅಂದೆ. ಅವ್ವ ಕೋಪ ಮಾಡ್ಕೊಳ್ಳಲಿಲ್ಲ. ತುಂಬಾ ಹೊತ್ತು ಸುಮ್ನಿದ್ದು ಹೇಳಿದ್ದಿದು.

ನನಗೆ ಎಂಟು ತಿಂಗಳು. ಇದೇ ಭರಣಿ ಮಳೆ ಕಾಲ, ಬೇರೆ ತೋಟ. ಗಂಡಸರು ಮರಗಸಿ ಮಾಡ್ತಿದ್ರು, ಹೆಂಗಸರು ಕೆಳಗೆ ಬಿದ್ದ ಸೊಪ್ಪು, ಕೊಂಬೆ ಎಳೆದು ಹಾಕ್ತಿದ್ರು. ಮಗು ನೋಡ್ಕೊಳ್ಳೋಕೆ ಮನೇಲಿ ಯಾರೂ ಇಲ್ಲದ್ದಕ್ಕೆ ಅವ್ವ ದಿನಾ ನನ್ನ ಕರ್ಕೊಂಡು ಹೋಗಿ, ಹಳೇ ಸೀರೇಲಿ ಜೋಲಿ ಮಾಡಿ ಒಂದು ಅತ್ತಿ ಮರದ ಕೊಂಬೆಗೆ ಕಟ್ತಿದ್ಲು. ಆವತ್ತು ನಾಲ್ಕು ಗಂಟೆಗೇ ಕತ್ತಲಾಯ್ತು. ಮಿಂಚಿದ ತಕ್ಷಣ ಸಿಡಿಲು. ಕೆಲಸ ಮುಗಿಯೋಕೆ ಇನ್ನೂ ಟೈಮ್ ಇತ್ತು. ಯಾರೂ ಕದಲಲಿಲ್ಲ. ಅವ್ವ ಮಾತ್ರ ಕತ್ತಿ ಬಿಸಾಕಿ ಇಳಿಜಾರಲ್ಲಿ ಓಡಿ, ಗಂಟು ಬಿಚ್ಚೋಕೆ ಕೈ ಬರದೆ ಸೀರೇನ ಹಲ್ಲಲ್ಲಿ ಹರಿದು, ನನ್ನ ಎತ್ಕೊಂಡು ಕಣದ ಗೋಡೌನಿಗೆ ಓಡಿದ್ಲಂತೆ.

ಮರಕ್ಕೆ ಏನೂ ಆಗ್ಲಿಲ್ಲ. ಸಿಡಿಲು ಎಲ್ಲೋ ಬೇರೆ ಕಡೆ ಬಿತ್ತು. ಸಂಜೆ ರೈಟರು ಹೇಳದೆ ಕೆಲಸ ಬಿಟ್ಟು ಹೋಗಿದ್ದಕ್ಕೆ ಅರ್ಧ ಹಾಜರಿ ಹಾಕಿದ್ರು.

ಆಗ ಅರ್ಧ ದಿನಕ್ಕೆ ಎಷ್ಟಿತ್ತು ಅಂತ ಕೇಳಿದೆ. ನೆನಪಿಲ್ಲ ಅಂದ್ಲು. ನಮ್ಮವ್ವನಿಗೆ ಹತ್ತು ವರ್ಷದ ಹಿಂದಿನ ಚೀಟಿ ದುಡ್ಡಿನ ಲೆಕ್ಕ ಪೈಸೆ ಸಮೇತ ನೆನಪಿದೆ.

ನನ್ನ ಲೆಕ್ಕ ಹೇಳ್ತೀನಿ. ಹ್ಯಾಮಕ್ 1,350, ಪಟ್ಟಿ 450, ಟಾರ್ಪಾಲು 600, ಹಗ್ಗ 120, ಮ್ಯಾಟು 300. ಒಟ್ಟು 2,820. ರಜೇಲಿ ಒಬ್ಬ ಆಡಿಟರ್ ಆಫೀಸಲ್ಲಿ ಬಿಲ್ ಎಂಟ್ರಿ ಮಾಡಿ ದುಡಿದಿದ್ದು, ಅವ್ವನ ಹತ್ರ ಒಂದು ರೂಪಾಯಿ ಕೇಳಿಲ್ಲ ಅಂತ ಜಂಬ ಇತ್ತು. ಈಗಲೂ ಇದೆ, ಸ್ವಲ್ಪ ಕಮ್ಮಿ.

(6/6)

ಭಾನುವಾರ ಗ್ರೂಪಲ್ಲಿ ಮೆಸೇಜ್ ಹಾಕ್ದೆ. ಮಿಂಚು ಕಂಡ ಮೇಲೆ ಎಣಿಸಬೇಕು. ಮೂರು ಸೆಕೆಂಡಿಗೆ ಹೆಚ್ಚುಕಮ್ಮಿ ಒಂದು ಕಿಲೋಮೀಟರ್. ಮೂವತ್ತು ಎಣಿಸೋ ಒಳಗೆ ಗುಡುಗು ಕೇಳಿದ್ರೆ ಅದು ಹತ್ತು ಕಿಲೋಮೀಟರ್ ಒಳಗೇ ಇದೆ, ಎಲ್ಲರೂ ಗಟ್ಟಿ ಕಟ್ಟಡದ ಒಳಗೆ ಹೋಗಬೇಕು. ಕೊನೇ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಬೇಕು. ಮಧ್ಯೆ ಇನ್ನೊಂದು ಗುಡುಗಿದ್ರೆ ಅರ್ಧ ಗಂಟೆ ಮೊದಲಿಂದ ಎಣಿಸಬೇಕು. ಟಾರ್ಪಾಲು, ಟೆಂಟು ಯಾವುದೂ ಸಿಡಿಲು ತಡೆಯಲ್ಲ. ಮರಕ್ಕೆ ಬಿದ್ದ ಸಿಡಿಲು ಪಕ್ಕದಲ್ಲಿರೋರಿಗೂ ಹಾರತ್ತೆ, ನಾವಂತೂ ಆ ಮರಕ್ಕೇ ಕಟ್ಕೊಂಡಿರ್ತೀವಿ. ಪುಣೆಯ ಐಐಟಿಎಂ ಸಂಸ್ಥೆಯವರ ದಾಮಿನಿ ಆಪ್ ಹಾಕ್ಕೊಳಿ ಅಂತಾನೂ ಬರೆದೆ. ಆದ್ರೆ ಆ ಹಳ್ಳದಲ್ಲಿ ನೆಟ್‌ವರ್ಕ್ ಬರೋದು ಡೌಟು, ಕಿವೀನೇ ಗತಿ.

ನೀವು ಕೆಲವರು ನಗೋ ಇಮೋಜಿ ಹಾಕಿದ್ರಿ. "ಹಂಗಾದ್ರೆ ರಾತ್ರಿಯೆಲ್ಲ ಗೋಡೌನಲ್ಲೇ ಮಲಗೋಣ ಬಿಡು" ಅಂದ್ರು ಒಬ್ಬ ಸೀನಿಯರ್. ಇರಬಹುದು. ಭರಣಿ ಮಳೇಲಿ ಎರಡರಲ್ಲಿ ಒಂದು ರಾತ್ರಿ ಹಂಗೇ ಆದ್ರೂ ಆಶ್ಚರ್ಯ ಇಲ್ಲ. "ಮಜಾ ಹಾಳು ಮಾಡ್ತೀಯ" ಅಂದೋರಿಗೆ ನಾನು ಉತ್ತರ ಕೊಡ್ಲಿಲ್ಲ, ಟೈಪ್ ಮಾಡಿ ಅಳಿಸ್ದೆ. ಅವ್ವನ ಕಥೆ ಗ್ರೂಪಲ್ಲಿ ಹಾಕೋಕೆ ಮನಸ್ಸು ಬರ್ಲಿಲ್ಲ. ಇಲ್ಲಿ ಹಾಕಿದೀನಿ, ಅವ್ವನ್ನ ಕೇಳಿಯೇ ಹಾಕಿದೀನಿ. "ಹಾಕು, ನನ್ ಫೋಟೋ ಹಾಕ್ಬೇಡ" ಅಂದ್ಲು.

ನಿನ್ನೆ ನಾನೂ ಇನ್ನಿಬ್ಬರೂ ಹೋಗಿ ಜಾಗ ನೋಡ್ಕೊಂಡು ಬಂದ್ವಿ. ಕಟ್ಟೋಕೆ ಆಗೋ ಮರಗಳಿಗೆ ಗುರುತಿಗೆ ಬಟ್ಟೆ ಚೂರು ಕಟ್ಟಿದೀವಿ. ಕಾಫಿ ಒಣಗಿಸೋ ಕಣದ ಪಕ್ಕ ಆರ್‌ಸಿಸಿ ಗೋಡೌನ್ ಇದೆ, ಬೀಗದ ಕೈ ಎರಡು ದಿನಕ್ಕೆ ನಮ್ಮ ಹತ್ರ ಕೊಡ್ತಾರಂತೆ. ಕೊನೇ ಮರದಿಂದ ಬಾಗಿಲಿಗೆ 140 ಹೆಜ್ಜೆ, ಏರುದಾರಿ. ಅವ್ವ ಕೇಳಿದ ಮೊದಲ ಪ್ರಶ್ನೆ ಅದೇ. ಎರಡನೇದು, ರಾತ್ರಿ ಆ ದಾರೀಲಿ ಬೆಳಕಿದ್ಯಾ ಅಂತ. ಇಲ್ಲ. ಅದಕ್ಕೆ ಎಲ್ಲರೂ ಹೆಡ್‌ಲೈಟ್ ತನ್ನಿ, ಹ್ಯಾಮಕ್ ಒಳಗೇ ಕೈಗೆ ಸಿಗೋ ಹಂಗೆ ಇಟ್ಕೊಳಿ. ಗಂಟು ಹಾಕುವಾಗ ಒಂದೇ ಎಳೆತಕ್ಕೆ ಬಿಚ್ಚೋ ಹಾಗೆ ಹಾಕಿ. ಬಿಚ್ಚೋಕೂ ಆಗ್ಲಿಲ್ಲ ಅಂದ್ರೆ ಅಲ್ಲೇ ಬಿಟ್ಟು ಓಡಿ, ಬಟ್ಟೆ ತಾನೇ.

ಶನಿವಾರ ಮೂರು ಗಂಟೆ ಒಳಗೆ ತಲುಪಿ. ಬೆಳಕಿದ್ದಾಗಲೇ, ಮಳೆ ಬರೋ ಮುಂಚೆ ಕಟ್ಟಿ ಮುಗಿಸ್ಬೇಕು. ಮೊದಲು ಟಾರ್ಪಾಲು, ಆಮೇಲೆ ಹ್ಯಾಮಕ್ಕು. ದಾರ ತರೋಕೆ ಮರೆತೋರು ನನ್ನ ಹತ್ರ ಬನ್ನಿ. ಅವ್ವ ಹಳೇ ಲಂಗಗಳ ಲಾಡಿ ಎಲ್ಲಾ ಬಿಚ್ಚಿ ತುಂಡು ಮಾಡಿ ಕೊಟ್ಟಿದಾಳೆ, ಇಪ್ಪತ್ನಾಲ್ಕು ಇದೆ, ಹನ್ನೆರಡು ಜನಕ್ಕೂ ಎರಡೆರಡು.