ಜರ್ಮನಿಯ ಸಣ್ಣ ಊರುಗಳಲ್ಲಿ

ಒಂದು ದೇಶದ ಐಶ್ವರ್ಯವನ್ನು ನೋಡಬೇಕೆಂಬವರು ಅದರ ರಾಜಧಾನಿಗೆ ಹೋಗಬೇಕು. ಅದರ ಅಂತರಂಗವನ್ನು ತಿಳಿಯಬೇಕೆಂಬವರು ಅದರ ಸಣ್ಣ ಊರುಗಳಲ್ಲಿ ನಾಲ್ಕು ದಿನ ತಂಗಬೇಕು. ಕೆಲವು ವರ್ಷಗಳ ಹಿಂದೆ, ಒಂದು ಜುಲೈ ತಿಂಗಳಲ್ಲಿ, ದಕ್ಷಿಣ ಜರ್ಮನಿಯಲ್ಲಿ ಸಪತ್ನೀಕರಾಗಿ ಸಂಚರಿಸುವ ಅವಕಾಶ ನಮಗೆ ಒದಗಿತು. ಮಹಾನಗರಗಳನ್ನು ಬೇಕೆಂದೇ ಬಿಟ್ಟು, ಕೋಟೆಗೋಡೆಯೂ ಗಂಟೆಗೋಪುರವೂ ಉಳ್ಳ ಚಿಕ್ಕ ಊರುಗಳನ್ನು ಹುಡುಕಿಕೊಂಡು ಹೋದೆವು. ಅಲ್ಲಿ ಕಂಡದ್ದನ್ನೂ, ಕಂಡುದರಿಂದ ಮನಸ್ಸಿಗೆ ತಗುಲಿದುದನ್ನೂ ವಾಚಕರ ಮುಂದೆ ಇಡುತ್ತೇವೆ.

ನಮ್ಮನ್ನು ಆ ಸೀಮೆಗೆ ಮೊದಲು ಎಳೆದದ್ದು ಒಂದು ಕನ್ನಡದ ಋಣ. 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಪಾದ್ರಿಗಳು 1811ರಲ್ಲಿ ಹುಟ್ಟಿದ್ದು ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ದ್ರಾಕ್ಷಿಯ ತೋಟಗಳ ನಡುವೆ ಅಡಗಿರುವ ಆ ಊರಿನಿಂದ ಒಬ್ಬ ತರುಣನು ಹೊರಟು, ಸಮುದ್ರವನ್ನು ದಾಟಿ, ನಮ್ಮ ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚುಹಾಕಿಸಿದನೆಂದು ನೆನೆದಾಗ, ಪರದೇಶದಲ್ಲಿ ನೆಂಟರ ಮನೆಯ ಬಾಗಿಲು ತೆರೆದಂತಾಯಿತು.

ಅಲ್ಲಿಗೆ ಹತ್ತಿರದಲ್ಲಿಯೇ ವೈನ್ಸ್‌ಬೆರ್ಗ್ ಎಂಬ ಊರಿದೆ. ಅದರ ನೆತ್ತಿಯ ಮೇಲಿನ ಗುಡ್ಡದಲ್ಲಿ ಒಂದು ಹಾಳುಕೋಟೆ. 1140ರಲ್ಲಿ ಮೂರನೆಯ ಕಾನ್ರಾಡನೆಂಬ ರಾಜನು ಆ ಕೋಟೆಗೆ ಮುತ್ತಿಗೆ ಹಾಕಿ ಗೆದ್ದನು. ಒಳಗಿದ್ದ ಹೆಂಗಸರಿಗೆ ಮಾತ್ರ ದಯೆ ತೋರಿ, ಅವರವರು ಹೆಗಲ ಮೇಲೆ ಹೊರಬಲ್ಲಷ್ಟನ್ನು ಹೊತ್ತುಕೊಂಡು ಹೋಗಬಹುದೆಂದು ಅಪ್ಪಣೆ ಕೊಟ್ಟನಂತೆ. ಮರುದಿನ ಬಾಗಿಲು ತೆರೆದಾಗ ಆ ಸ್ತ್ರೀಯರು ಒಡವೆ ವಸ್ತ್ರಗಳನ್ನೆಲ್ಲ ಬಿಟ್ಟು ತಮ್ಮ ತಮ್ಮ ಗಂಡಂದಿರನ್ನೇ ಹೊತ್ತುಕೊಂಡು ಗುಡ್ಡವನ್ನು ಇಳಿದರು. ಇದು ಮೋಸವೆಂದು ರಾಜನ ಕಡೆಯವರು ಕೂಗಿದರೂ, ಕೊಟ್ಟ ಮಾತನ್ನು ತಿರುಚುವುದು ರಾಜನಿಗೆ ಸಲ್ಲದೆಂದು ಅವನು ಎಲ್ಲರನ್ನೂ ಹೋಗಗೊಟ್ಟನು. ಆದುದರಿಂದಲೇ ಆ ಕೋಟೆಗೆ ‘ವೈಬರ್‌ಟ್ರಾಯ್’, ಎಂದರೆ ‘ಹೆಂಡಿರ ನಿಷ್ಠೆ’, ಎಂದು ಹೆಸರು. 1525ರ ರೈತರ ದಂಗೆಯಲ್ಲಿ ಕೋಟೆ ಸುಟ್ಟುಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ವೈದ್ಯನೂ ಕವಿಯೂ ಆದ ಯುಸ್ಟಿನುಸ್ ಕೆರ್ನರ್ ಎಂಬಾತನು ಸ್ತ್ರೀಯರ ಸಂಘವನ್ನು ಕಟ್ಟಿಸಿ, ಉಳಿದ ಗೋಡೆಗಳನ್ನು ಕಾಪಾಡುವ ಏರ್ಪಾಡು ಮಾಡಿದನು. ಗೋಪುರದಲ್ಲಿ ಅವನು ಗಾಳಿಗೆ ತಾನೇ ನುಡಿಯುವ ತಂತಿವಾದ್ಯಗಳನ್ನೂ ಇಡಿಸಿದ್ದನು.

ನಮ್ಮ ಪ್ರಾಯಕ್ಕೆ ಆ ಏರು ಸುಲಭವಾಗಿರಲಿಲ್ಲ. ಅರ್ಧ ದಾರಿಯಲ್ಲಿ ನಿಂತು ದಣಿವಾರಿಸಿಕೊಳ್ಳುತ್ತ, ಜತೆಯಲ್ಲಿದ್ದ ನಮ್ಮ ಮನೆಯಾಕೆಯನ್ನು ಕುರಿತು, “ನೀನು ಆ ಕೋಟೆಯಲ್ಲಿ ಇದ್ದಿದ್ದರೆ ಏನನ್ನು ಹೊರುತ್ತಿದ್ದೆ?” ಎಂದು ವಿನೋದಕ್ಕೆ ಕೇಳಿದೆವು. ಆಕೆಯ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಅವಲಕ್ಕಿಯ ಡಬ್ಬಿಯೂ ನೀರಿನ ಸೀಸೆಯೂ ನಮ್ಮ ಔಷಧಿಗಳೂ ಇದ್ದ ಚೀಲ. “ಈಗ ಹೊತ್ತಿರುವುದನ್ನು ಇಳಿಸಿದ ಮೇಲೆ ತಾನೆ ಮಿಕ್ಕ ಮಾತು!” ಎಂದು ಆಕೆ ಮುಂದೆ ನಡೆದಳು. ನಾವು ಚೀಲಕ್ಕೆ ಕೈ ನೀಡಿದೆವು.

ಅಲ್ಲಿಂದ ಪೂರ್ವಕ್ಕೆ ಹೊರಟು ಡಿಂಕೆಲ್ಸ್‌ಬ್ಯೂಲ್ ಎಂಬ ಊರಿಗೆ ಬಂದೆವು. ವ್ಯೋರ್ನಿತ್ಸ್ ನದಿಯ ದಡದಲ್ಲಿರುವ ಈ ಊರನ್ನು ಕೋಟೆಗೋಡೆ ಇಂದಿಗೂ ಸುತ್ತಿಕೊಂಡಿದೆ. ನಾಲ್ಕು ದಿಕ್ಕಿಗೆ ನಾಲ್ಕು ಹೆಬ್ಬಾಗಿಲು. ನಮ್ಮ ಅದೃಷ್ಟಕ್ಕೆ ಅದು ‘ಕಿಂಡರ್‌ತ್ಸೆಖೆ’ ಎಂಬ ಮಕ್ಕಳ ಹಬ್ಬದ ಸಮಯವಾಗಿತ್ತು. 1618ರಿಂದ 1648ರ ವರೆಗೆ ಜರ್ಮನಿಯನ್ನು ಹಾಳುಗೆಡಹಿದ ಮೂವತ್ತು ವರ್ಷಗಳ ಯುದ್ಧದಲ್ಲಿ, 1632ನೆಯ ಇಸವಿಯಲ್ಲಿ, ಸ್ವೀಡನ್ನಿನ ಪಡೆ ಈ ಊರನ್ನು ಹಿಡಿಯಿತು. ಊರನ್ನು ಕೊಳ್ಳೆಹೊಡೆಯಲು ಸೇನಾಪತಿ ಸಿದ್ಧನಾಗಿದ್ದಾಗ, ಬಾಗಿಲು ಕಾಯುವವನ ಮಗಳಾದ ಲೋರೆ ಎಂಬಾಕೆ ಊರಿನ ಮಕ್ಕಳನ್ನೆಲ್ಲ ಕರೆದುಕೊಂಡು ಅವನ ಇದಿರಿಗೆ ಹೋಗಿ ಮೊರೆಯಿಟ್ಟಳಂತೆ. ತೀರಿಹೋದ ತನ್ನ ಮಗುವಿನ ನೆನಪು ಬಂದು ಆ ಕಠಿನ ಹೃದಯನೂ ಕರಗಿದನೆಂದು ಕಥೆ. 1897ರಿಂದ ಇದನ್ನು ನಾಟಕವಾಗಿ ಆಡುತ್ತ ಬಂದಿದ್ದಾರೆ.

ಬೆಳಗಿನಿಂದಲೇ ಬೀದಿಯ ಎರಡು ಪಕ್ಕದಲ್ಲಿಯೂ ಜನ ಕಿಕ್ಕಿರಿದು ನಿಂತಿದ್ದರು. ಕೆಂಪು ಬಿಳುಪಿನ ಹಳೆಯ ಕಾಲದ ಉಡುಪು ತೊಟ್ಟ ಹುಡುಗರ ವಾದ್ಯಮೇಳ ಮುಂದೆ ಬಂದಿತು. ಹಿಂದೆ ಕುದುರೆ ಸವಾರರು, ಈಟಿ ಹಿಡಿದವರು, ಹೂವಿನ ಕಮಾನುಗಳನ್ನು ಹಿಡಿದ ಬಾಲೆಯರು. ಸಾಲಿನಲ್ಲಿ ನಡೆದು ಬೇಸತ್ತ ಒಂದು ಪುಟ್ಟ ಮಗು ನಡುಬೀದಿಯಲ್ಲಿಯೇ ಕುಳಿತುಬಿಟ್ಟಿತು. ಸೈನಿಕನ ವೇಷದ ಒಬ್ಬಾತನು ಈಟಿಯನ್ನು ಪಕ್ಕದವನಿಗೆ ಕೊಟ್ಟು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಮುಂದೆ ನಡೆದನು. ನಾಟಕವನ್ನು ನೋಡುವುದಕ್ಕೆ ಮೊದಲೇ ಅದರ ಸಾರವನ್ನು ಕಂಡಂತಾಯಿತು.

ಇವೆಲ್ಲ ನಿಜವಾಗಿ ನಡೆದುವೆ ಎಂದು ಯಾರಾದರೂ ಕೇಳಬಹುದು. ವೈನ್ಸ್‌ಬೆರ್ಗಿನ ಕಥೆ ಕೆಲವು ದಶಕಗಳ ತರುವಾಯ ಬರೆದ ಒಂದು ವೃತ್ತಾಂತದಲ್ಲಿ ದೊರೆಯುತ್ತದೆ. ಅದೂ ಕಥೆಯೇ ಎಂಬವರಿದ್ದಾರೆ. ಡಿಂಕೆಲ್ಸ್‌ಬ್ಯೂಲಿನ ಹಬ್ಬವಾದರೋ ಶಾಲೆಯ ಮಕ್ಕಳಿಗೆ ವರ್ಷಕ್ಕೊಮ್ಮೆ ಔತಣ ಮಾಡಿಸುವ ಪದ್ಧತಿಯಿಂದ ಬೆಳೆದದ್ದೆಂದೂ, ಲೋರೆಯ ಕಥೆ ಆಮೇಲೆ ಕೂಡಿಕೊಂಡಿತೆಂದೂ ಬಲ್ಲವರು ಹೇಳುತ್ತಾರೆ. ಇರಲಿ. ತಾನು ಉಳಿದದ್ದು ಹೇಗೆಂದು ಹೇಳಿಕೊಳ್ಳುವಾಗ ಒಂದು ಊರು ಕತ್ತಿಯನ್ನು ಬಿಟ್ಟು ಹೆಂಗಸರ ಜಾಣ್ಮೆಯನ್ನೂ ಮಕ್ಕಳ ಕಣ್ಣೀರನ್ನೂ ಹೊಗಳುವುದಾದರೆ, ಆ ಕಥೆಗೆ ತನ್ನದೇ ಆದ ಬೆಲೆಯಿದೆ.

ಕೊನೆಗೆ ತಂಗಿದ್ದು ಟೌಬರ್ ನದಿಯ ಮೇಲಿನ ರೋಟೆನ್‌ಬುರ್ಗ್ ಎಂಬ ಪ್ರಸಿದ್ಧವಾದ ಊರಿನಲ್ಲಿ. ಇಲ್ಲಿಯೂ ಅದೇ ಬಗೆಯ ಕಥೆ. 1631ರಲ್ಲಿ ಟಿಲ್ಲಿ ಎಂಬ ಸೇನಾಪತಿ ಊರನ್ನು ಗೆದ್ದನು. ಸುಮಾರು ಮೂರೂಕಾಲು ಲೀಟರ್ ದ್ರಾಕ್ಷಾರಸವನ್ನು ಒಂದೇ ಉಸಿರಿಗೆ ಕುಡಿಯುವವನಿದ್ದರೆ ಊರನ್ನು ಉಳಿಸುವೆನೆಂದು ಅವನು ನುಡಿದಾಗ, ನುಶ್ ಎಂಬ ಹಿರಿಯನು ಕುಡಿದು ತೋರಿಸಿದನಂತೆ. 1881ರಿಂದ ಇದನ್ನೂ ನಾಟಕವಾಗಿ ಆಡುತ್ತಾರೆ. ಚೌಕದ ಗಡಿಯಾರದ ಎರಡು ಪಕ್ಕದ ಕಿಟಕಿಗಳು ಗೊತ್ತಾದ ಗಂಟೆಗಳಲ್ಲಿ ತೆರೆದು, ಒಂದರಲ್ಲಿ ಟಿಲ್ಲಿಯೂ ಒಂದರಲ್ಲಿ ನುಶ್ಶನೂ ಕಾಣಿಸಿಕೊಳ್ಳುತ್ತಾರೆ. ಅಂಗಡಿಗಳಲ್ಲಿ ‘ಹಿಮದ ಉಂಡೆ’ ಎಂಬ ಭಕ್ಷ್ಯ ಮಾರುತ್ತಾರೆ: ಹಿಟ್ಟಿನ ಪಟ್ಟಿಗಳನ್ನು ಉಂಡೆಯಾಗಿ ಸುತ್ತಿ, ಕರಿದು, ಸಕ್ಕರೆಯ ಪುಡಿ ಉದುರಿಸಿದ್ದು. ನಮ್ಮ ಮನೆಯಾಕೆ ಒಂದು ಚೂರು ಬಾಯಿಗೆ ಹಾಕಿಕೊಂಡು, “ಇದು ನಮ್ಮ ಚಿರೋಟಿಗೆ ದಾಯಾದಿ” ಎಂದು ತೀರ್ಪು ಕೊಟ್ಟಳು.

ಸಂಜೆ ಕೋಟೆಗೋಡೆಯ ಮೇಲೆ ನಡೆದೆವು. ಗೋಡೆಯ ಕಲ್ಲುಗಳಲ್ಲಿ ಹೆಸರುಗಳನ್ನು ಕೆತ್ತಿದ್ದಾರೆ; ಕೆಲವು ಜಪಾನಿನವು, ಕೆಲವು ಅಮೆರಿಕದವು. 1945ರ ಮಾರ್ಚಿ 31ರಂದು ವಿಮಾನಗಳಿಂದ ಬಿದ್ದ ಬಾಂಬುಗಳಿಂದ ಹಳೆಯ ಊರಿನ ಸುಮಾರು ಐದರಲ್ಲಿ ಎರಡು ಪಾಲು ಸುಟ್ಟುಹೋಯಿತು. ಮುರಿದ ಗೋಡೆಯನ್ನು ಮತ್ತೆ ಕಟ್ಟಲು ದೂರದೇಶದವರು ಹಣ ಕಳುಹಿಸಿದರು. ಯುದ್ಧದಲ್ಲಿ ಇದಿರಾಗಿದ್ದ ದೇಶದವರೂ ಅವರಲ್ಲಿದ್ದರು. ಆ ಹೆಸರುಗಳನ್ನು ಓದುತ್ತ ನಮ್ಮ ಹೃದಯ ತುಂಬಿ ಬಂದಿತು.

ಮರುದಿನ ‘ಯಹೂದಿಗಳ ಬೀದಿ’ ಎಂಬ ಹೆಸರಿನ ಒಂದು ಹಳೆಯ ಬೀದಿಗೆ ಹೋದೆವು. ಅಲ್ಲಿ ಯಹೂದಿಗಳು ಯಾರಾದರೂ ಇರುವರೆ ಎಂದು ನಾವು ತಂಗಿದ್ದ ವಸತಿಗೃಹದ ವೃದ್ಧೆಯನ್ನು ಕೇಳಿದಾಗ, ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ದೇಶದಲ್ಲೆಲ್ಲ ಯಹೂದಿಗಳ ಪ್ರಾರ್ಥನಾಮಂದಿರಗಳಿಗೆ ಬೆಂಕಿಯಿಟ್ಟ 1938ರ ನವೆಂಬರಿಗೂ ಮೊದಲೇ, ಅಕ್ಟೋಬರಿನಲ್ಲಿಯೇ, ಈ ಊರಿನಲ್ಲಿ ಉಳಿದಿದ್ದ ಯಹೂದಿಗಳನ್ನು ಹೊರಗಟ್ಟಿದ್ದರು. ಹೊರಗಿನಿಂದ ಬಂದ ಶತ್ರುಗಳ ಕೆಲಸ ಇದಲ್ಲ, ನೆರೆಹೊರೆಯವರ ಕೆಲಸ.

ದಾರಿಯುದ್ದಕ್ಕೂ ಮೌನವಾಗಿದ್ದ ನಮ್ಮ ಮನೆಯಾಕೆ, “ಆ ಗುಡ್ಡದ ಮೇಲಿನ ಹೆಂಗಸರಿಗೆ ಶತ್ರುವಿನ ಅಪ್ಪಣೆಯಾದರೂ ಇತ್ತು. ಈ ತಾಯಂದಿರು ಏನನ್ನು ಹೊತ್ತುಕೊಂಡು ಹೋದರೋ!” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಅವರನ್ನು ದೂರುವುದು ಸುಲಭ. ಆದರೆ ನಮ್ಮ ಬಾಲ್ಯದ ಒಂದು ಮಳೆಗಾಲದ ಸಂಜೆ ಕಣ್ಣ ಮುಂದೆ ಬಂದು ನಿಂತಿತು. ಮೈದುನರು ಮನೆಯಿಂದ ಹೊರಡಿಸಿದ ಒಬ್ಬ ವಿಧವೆ, ಎರಡು ಮಕ್ಕಳೊಡನೆ, ಒಂದು ಹಿತ್ತಾಳೆಯ ಕೊಡವನ್ನು ಹಿಡಿದು ನಮ್ಮ ಜಗಲಿಯ ಮುಂದೆ ನಿಂತಿದ್ದಳು. ಅನ್ಯರ ಮನೆಯ ವ್ಯವಹಾರ ನಮಗೇಕೆಂದು ಹಿರಿಯರು ಬಾಗಿಲನ್ನು ಮುಂದೆ ಮಾಡಿದರು. ಅಗುಳಿ ಹಾಕಿದ್ದು ನಾವೇ. ಊರದೇವತೆ ನಮ್ಮೂರನ್ನು ಮಾರಿಬೇನೆಯಿಂದ ಕಾಪಾಡಿದ ಕಥೆಯನ್ನು ಪ್ರತಿವರ್ಷವೂ ತೇರಿನ ದಿನ ಹೇಳುತ್ತಾರೆ. ಆ ಹಿತ್ತಾಳೆಯ ಕೊಡದ ಕಥೆಯನ್ನು ಯಾರೂ ಹೇಳಿದ್ದಿಲ್ಲ. ಇಷ್ಟು ವರ್ಷ ನಾವೂ ಹೇಳಿರಲಿಲ್ಲ.

ಬೇರೆಯವರು ನಮಗೆ ತೋರಿಸಿದ ಕರುಣೆಯನ್ನು ನೆನೆದು ಹಬ್ಬ ಮಾಡುವುದು ಒಳ್ಳೆಯದೇ. ನಾವು ತೋರಿಸಬೇಕಾಗಿದ್ದು ತೋರಿಸದೆ ಹೋದ ಕರುಣೆಯನ್ನು ಮರೆಯದಿರುವುದು ಅದಕ್ಕಿಂತ ಕಷ್ಟ. ಕೇಳಿದವರಿಗೆ ಕೇಡಿನ ಕಥೆಯನ್ನೂ ಹೇಳಿದ ಆ ವೃದ್ಧೆಯ ಮೇಲೆ ನಮಗೆ ಗೌರವ ಹುಟ್ಟಿತು. ಮನೆಗೆ ಹಿಂದಿರುಗಿದ ಮೇಲೆ ಮೊಮ್ಮಕ್ಕಳು ಸುತ್ತ ಕುಳಿತು, ಜರ್ಮನಿಯ ಕೋಟೆಗಳ ಕಥೆ ಹೇಳೆಂದು ಪೀಡಿಸಿದರು. ಗಂಡಂದಿರನ್ನು ಹೊತ್ತ ಹೆಂಗಸರ ಕಥೆಗೆ ನಕ್ಕರು. ಲೋರೆಯ ಕಥೆಯನ್ನು ಎರಡು ಸಲ ಹೇಳಿಸಿದರು. ಆಮೇಲೆ ನಾವು ಆ ಕೊಡದ ಕಥೆಯನ್ನೂ ಹೇಳಿದೆವು. “ಆಮೇಲೆ ಆ ಮಕ್ಕಳು ಎಲ್ಲಿ ಹೋದರು, ತಾತ?” ಎಂದು ಕಿರಿಯವಳು ಕೇಳಿದಳು. ತಿಳಿಯದೆಂದು ಹೇಳುವುದಲ್ಲದೆ ನಮಗೆ ಬೇರೆ ದಾರಿಯಿರಲಿಲ್ಲ.