ಹಾಜರಿ ಪುಸ್ತಕದಲ್ಲಿದ್ದ ಹೆಸರು

ವ್ಲಾದಿಮಿರ್ ನಬೊಕೊವ್ ಬರೆದ ‘ಲೋಲಿತಾ’ ಕಾದಂಬರಿಯ ಹೆಸರೆತ್ತಿದರೆ ಪಾಲಕರು ಮುಖ ಸಿಂಡರಿಸುತ್ತಾರೆ, ಕಾಲೇಜು ಹುಡುಗರು ಮುಸಿಮುಸಿ ನಗುತ್ತಾರೆ. ಇವರಲ್ಲಿ ಅದನ್ನು ಓದಿದವರು ಕಡಿಮೆ. ಶಾಲೆಯ ಮಕ್ಕಳ ಕೈಗೆ ಕೊಡುವ ಪುಸ್ತಕ ಅದಲ್ಲ, ನಿಜ. ಆದರೆ ಅದರೊಳಗಿನ ಸಂಗತಿ ಹೆತ್ತವರಿಗೂ ಕಾಲೇಜು ಮೆಟ್ಟಿಲು ಹತ್ತಿದವರಿಗೂ ಗೊತ್ತಿರಬೇಕು.

ನಬೊಕೊವ್ ಚಿಟ್ಟೆಗಳ ಪಂಡಿತರೂ ಹೌದು. 1940ರ ದಶಕದಲ್ಲಿ ಹಾರ್ವರ್ಡ್‌ನ ಮ್ಯೂಸಿಯಂನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ನೀಲಿ ಚಿಟ್ಟೆಗಳನ್ನು ಅಭ್ಯಾಸ ಮಾಡಿದವರು. ವಿಜ್ಞಾನದ ಮೇಷ್ಟ್ರಾದ ನನಗೆ ಅವರು ಪರಿಚಯವಾದದ್ದು ಆ ದಾರಿಯಿಂದಲೇ. ಅಮೆರಿಕದ ಪ್ರಕಾಶಕರು ಹಿಂಜರಿದದ್ದರಿಂದ ಕಾದಂಬರಿ 1955ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ಅಮೆರಿಕದಲ್ಲಿ ಹೊರಬಂದದ್ದು 1958ರಲ್ಲಿ.

ಕಥೆ ಹೇಳುವವನು ಹಂಬರ್ಟ್ ಎಂಬ ನಡುವಯಸ್ಸಿನ ವಿದ್ಯಾವಂತ, ಬಂಧನದಲ್ಲಿದ್ದು ಬರೆಯುತ್ತಿದ್ದಾನೆ. 12 ವರ್ಷದ ಹುಡುಗಿಯ ಮೇಲೆ ಕಣ್ಣಿಟ್ಟು ಅವಳ ವಿಧವೆ ತಾಯಿಯನ್ನು ಮದುವೆಯಾಗುತ್ತಾನೆ. ತಾಯಿ ಕಾರಿಗೆ ಸಿಕ್ಕಿ ಸಾಯುತ್ತಾಳೆ. ಹುಡುಗಿಗೆ ದಿಕ್ಕೆಂದು ಉಳಿದವನು ಇವನೊಬ್ಬನೇ. ಅವಳನ್ನು ಕಾರಿನಲ್ಲಿ ಊರೂರು ಸುತ್ತಿಸುತ್ತಾ ಅತ್ಯಾಚಾರ ನಡೆಸುತ್ತಾನೆ.

ಅವನ ಭಾಷೆ ಬಹಳ ಸೊಗಸು. ಮೋಸವಿರುವುದೂ ಅಲ್ಲೇ. ಪ್ರಯೋಗ ಮಾಡಿದವನೇ ತನಗೆ ಬೇಕಾದ ಫಲಿತಾಂಶ ಬರೆದುಕೊಂಡ ರೆಕಾರ್ಡ್ ಪುಸ್ತಕ ಅದು. ಆದರೂ ಕಂಡದ್ದನ್ನೆಲ್ಲ ಮುಚ್ಚಿಡಲು ಅವನಿಂದಾಗುವುದಿಲ್ಲ. ಯಾರಿಗಾದರೂ ಹೇಳಿದರೆ ನಿನ್ನನ್ನು ಅನಾಥಾಲಯಕ್ಕೋ ಸುಧಾರಣಾ ಶಾಲೆಗೋ ಸೇರಿಸುತ್ತಾರೆ ಎಂದು ಹೆದರಿಸುತ್ತಾನೆ. ಕೈಖರ್ಚಿಗೆ ದುಡ್ಡು ಕೊಟ್ಟು, ಕೂಡಿಟ್ಟರೆ ಓಡಿಹೋದಾಳೆಂದು ಅದನ್ನೇ ಕದಿಯುತ್ತಾನೆ. ಅವನಿಗೆ ನಿದ್ದೆ ಬಂತೆಂದುಕೊಂಡು ಹುಡುಗಿ ದಿನವೂ ರಾತ್ರಿ ಬಿಕ್ಕುತ್ತಾಳೆ. ಇದಕ್ಕೆ ಪ್ರೀತಿ ಎಂಬ ಹೆಸರು ಬೇರೆ!

ಆ ಹುಡುಗಿಯ ಹೆಸರು ಲೋಲಿತಾ ಅಲ್ಲ. ತರಗತಿಯ ಪಟ್ಟಿಯಲ್ಲಿ ಅವಳು ಡಾಲೊರೆಸ್ ಹೇಜ್. ಲೋಲಿತಾ ಎನ್ನುವುದು ಹಂಬರ್ಟ್ ಇಟ್ಟುಕೊಂಡದ್ದು. ಇಂಗ್ಲಿಷ್ ನಿಘಂಟುಗಳು ಆ ಪದಕ್ಕೆ ಗಂಡಸರನ್ನು ಮರುಳು ಮಾಡುವ ಎಳೆ ಹುಡುಗಿ ಎಂಬಂಥ ಅರ್ಥ ಕೊಟ್ಟಿವೆ. ಆರೋಪಿಯ ಹೇಳಿಕೆಯನ್ನೇ ಲೋಕ ತೀರ್ಪೆಂದು ಬರೆದುಕೊಂಡಿತು.

ಶಿಕ್ಷಕನಾಗಿ ನನ್ನನ್ನು ಕಾಡುವ ಪುಟಗಳು ಬೇರೆ. ಅವಳನ್ನು ಒಂದು ಹೆಣ್ಣುಮಕ್ಕಳ ಶಾಲೆಗೆ ಸೇರಿಸಿರುತ್ತಾನೆ. ಅವಳ ನಡವಳಿಕೆಯಲ್ಲಿ ಏನೋ ಸರಿಯಿಲ್ಲವೆಂದು ಅಲ್ಲಿನ ಶಿಕ್ಷಕಿಯರಿಗೆ ಅನ್ನಿಸುತ್ತದೆ. ಮುಖ್ಯೋಪಾಧ್ಯಾಯಿನಿ ‘ತಂದೆ’ಯನ್ನು ಕರೆಸುತ್ತಾರೆ, ಎದುರು ಕೂರಿಸಿಕೊಂಡು ದೂರುಗಳನ್ನು ಒಂದೊಂದಾಗಿ ಹೇಳುತ್ತಾರೆ. ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಮಾತ್ರ ಅವರಿಗೆ ಹೊಳೆಯುವುದೇ ಇಲ್ಲ. ಮಗಳನ್ನು ಶಾಲೆಯ ನಾಟಕದಲ್ಲಿ ಪಾರ್ಟು ಮಾಡಲು ಬಿಡಿ ಎಂದು ಕೇಳಿಕೊಳ್ಳುತ್ತಾರೆ. ಅವನು ಒಪ್ಪುತ್ತಾನೆ.